ತಮ್ಮನ ಹೆಬ್ಬೆರಳಿನ ಗುರುತು

ಮೊನ್ನೆ ಕುರುಗೋಡಿನ ಅಂಗನವಾಡಿಯಲ್ಲಿ ನರ್ಸ್ ಲಸಿಕೆಯ ಬಾಟಲಿಯ ಮೇಲೆ ಅದನ್ನು ತೆರೆದ ಹೊತ್ತು ಬರೆಯಲು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗ ಹಳೆಯ ಘಾಟು ಮೂಗಿಗೆ ಬಡಿಯಿತು. ನನ್ನ ಮಗನಿಗೆ ದಡಾರದ ಎರಡನೇ ಸೂಜಿ. ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದ ಸಡಗರ. ಹೈಸ್ಕೂಲು ಓದುವ ತಮ್ಮ, "ಅಕ್ಕಾ, ಸೂಜಿ ಹಾಕ್ಸಾಕ ಹೊಂಟೀಯೊ, ಮದುವಿಗೆ ಹೊಂಟೀಯೊ?" ಎಂದು ಕಿಚಾಯಿಸಿದ್ದ.

ನಾವು ಸಿರಿಗೇರಿಯಲ್ಲಿದ್ದಾಗ ಸಿರುಗುಪ್ಪದಿಂದ ಸ್ಕೂಟಿಯಲ್ಲಿ ಬರುತ್ತಿದ್ದ ಸಿಸ್ಟರಮ್ಮ ನೆನಪಾದರು… ಊರಿನ ಮಕ್ಕಳಿಗೆಲ್ಲ ಹೊಸ ಲಸಿಕೆ ಹಾಕುವ ದಿನ ಅವರು, ಏಳನೇ ತರಗತಿಗೇ ಶಾಲೆ ಬಿಟ್ಟ ನನ್ನ ಕೈಗೆ ಪೆನ್ನು ಕೊಟ್ಟರು. "ನಾ ಸೂಜಿ ಹಾಕತೀನಿ, ನೀ ಹಾಕಿಸ್ಕೊಂಡವರ ಹೆಬ್ಬೆಟ್ಟಿಗೆ ಗುರ್ತು ಹಾಕವ್ವ." ನಾನು ಉಬ್ಬಿಹೋದೆ. ಮಕ್ಕಳ ಉಗುರು ಹಿಡಿಹಿಡಿದು ಗೆರೆ ಎಳೆದೆ.

ನಡುವೆ ಕೇಳಿದೆ, "ತಮ್ಮಗ ಕೂಸಿದ್ದಾಗ ಒಂದು ಹಾಕ್ಸೇವ್ರಿ. ಜ್ವರ ಬಂದಿತ್ತು. ಮತ್ಯಾಕ್ರಿ?"

"ಅದು ಬರೇ ದಡಾರಕ್ಕ, ಇದು ರುಬೆಲ್ಲಾಕ್ಕೂ ಐತಿ. ಒಂದ ಸಲಕ್ಕ ಎಲ್ಲಾ ಮಕ್ಕಳಿಗೂ ಹಿಡಿಯಂಗಿಲ್ಲ. ಸೂಜಿ ಜ್ವರ ಬೀಗರಿದ್ದಂಗ, ಎರಡು ದಿನ ಇದ್ದು ಹೋಗತೈತಿ. ದಡಾರ ಬಂದ್ರ ಮನಿನಾ ತನ್ನ ಹೆಸರಿಗೆ ಬರಸ್ಕೊಂತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಈ ಸೂಜಿಯಿಂದ ಮಕ್ಕಳು ಸಾಯುತ್ತವೆ ಎಂದು ಮೊಬೈಲಿನಲ್ಲಿ ನೋಡಿದ ವಿಡಿಯೊ ತಲೆಯಲ್ಲಿತ್ತು. ತಮ್ಮನ ಪಾಳಿ ಬಂದಾಗ ಸಿಸ್ಟರಮ್ಮ ಹೊಸ ಬಾಟಲಿ ತೆಗೆಯಲು ಆಚೆ ತಿರುಗಿದ್ದರು. ಸೂಜಿಯಿಲ್ಲದೆಯೇ ಅವನ ಉಗುರಿಗೆ ಗೆರೆ ಎಳೆದು, "ಓಡಲೇ" ಎಂದೆ.

ಕೆಲವು ತಿಂಗಳಿಗೆ ತಮ್ಮನಿಗೆ ದಡಾರ ಬಂತು. ಕಿವಿ ಸೋರಿತು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಯಿತು, ಎಡಗಿವಿ ಹೋಯಿತು.

ನೋಡಲು ಬಂದ ಸಿಸ್ಟರಮ್ಮ ಅವನ ಹೆಬ್ಬೆರಳು ಸವರುತ್ತ ಕೂತರು. "ಗುರ್ತಿತ್ತಲ್ಲವ್ವ, ನಾನ ಸೂಜಿ ಹಾಕಿದ್ನಲ್ಲ… ಅವತ್ತು ಡಬ್ಬಿಯಾಗಿನ ಐಸ್ ಕರಗಿತ್ತೇನೊ. ಔಷಧಿ ಕೆಟ್ಟಿತ್ತೇನೊ."

ನಾನು ಲೋಟಕ್ಕೆ ಗಂಜಿ ಸುರಿಯುತ್ತಿದ್ದೆ. ಆಮೇಲೆ ಅವರು ಪ್ರತಿ ತಾಯಿಗೂ ಡಬ್ಬಿ ತೆರೆದು, ಐಸ್ ಮುಟ್ಟಿಸಿಯೇ ಸೂಜಿ ಹಾಕುತ್ತಿದ್ದರು…

ಮೊನ್ನೆ ಸೂಜಿ ಚುಚ್ಚಿದಾಗ ಮಗ ಕಿರುಚಿದ. ನನಗೆ ಖುಷಿಗೆ ಕಣ್ಣು ತುಂಬಿತು. ಮನೆಯ ದಾರಿಯಲ್ಲಿ, ಜೊತೆಗೆ ಬಂದಿದ್ದ ತಮ್ಮನ ಬಲಕ್ಕೆ ನಡೆಯುತ್ತ, ತಡೆಯದೆ ಎಲ್ಲ ಹೇಳಿಬಿಟ್ಟೆ. ಅವನು ಕಿವಿಯ ಮಾತೆತ್ತಲಿಲ್ಲ.

"ಸಿಸ್ಟರಮ್ಮಗ ಹೇಳಿದಿಯೇನು?"

"ಇಲ್ಲಪ. ಹೋದ ವರ್ಷ ತೀರ್ಕೊಂಡ್ರು."

ಅವನು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದ.