ನನ್ನ ಕರೆಂಟಿನ ಕುರ್ಚಿ ಬೆಳಗಾವಿಗೆ ಹೋಗಿ ಬಂದದ್ದು

ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾವು ಖಾನಾಪುರ ಬಿಟ್ಟೆವು. ಹಂಚಿನ ಕಾರ್ಖಾನೆಯ ಟೆಂಪೋ ಬೆಳಗಾವಿಗೆ ಮಾಲು ಒಯ್ಯುತ್ತಿತ್ತು. ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಮಲ್ಲಪ್ಪ ಒಂದು ದಿನದ ರಜೆ ಹಾಕಿದ್ದ. ನನ್ನನ್ನು ಎತ್ತಿ ಚಾಲಕ ಇಮಾಮಸಾಬರ ಪಕ್ಕ ಕೂಡಿಸಿ, ಹಿಂದೆ ಹಂಚಿನ ಸಾಲುಗಳ ನಡುವೆ ಹುಲ್ಲು ಹಾಸಿ, ನನ್ನ ಗಾಲಿಕುರ್ಚಿಯನ್ನು ಹಗ್ಗದಿಂದ ಬಿಗಿದು, ತಾನೂ ಅದರ ಪಕ್ಕದಲ್ಲೇ ಕುಳಿತ. ಬಸ್ಸಿನಲ್ಲಾದರೆ ಒಬ್ಬರಿಗೆ ಒಂಬತ್ತು ರೂಪಾಯಿ. ಆದರೆ ಬ್ಯಾಟರಿ ಸೇರಿ ಒಂದು ಚೀಲ ಜೋಳದಷ್ಟು ತೂಗುವ ಕುರ್ಚಿಯನ್ನು ಬಸ್ಸಿನ ಟಾಪಿಗೆ ಏರಿಸುವವರು ಯಾರು?

ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಕಾಲು ಹೋದವು. ಏಳನೆಯ ಇಯತ್ತೆಯವರೆಗೆ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ಸಾಲೆಗೆ ಒಯ್ದ. ಮುಂದೆ ಬಸ್‌ಸ್ಟ್ಯಾಂಡಿನ ಹತ್ತಿರ ನನಗೊಂದು ಎಸ್‌ಟಿಡಿ ಬೂತು ಮಂಜೂರಾದಾಗ ಅಲ್ಲಿಗೂ ಹೊತ್ತ. ಹಿಂದಿನ ದೀಪಾವಳಿಗೆ ಬೆಳಗಾವಿಯ ಕ್ಯಾಂಪಿನ, ಎಂದರೆ ದಂಡುಪ್ರದೇಶದ, ಒಂದು ಚರ್ಚಿನವರು ವಿದೇಶದಿಂದ ಬಂದ ಹಳೆಯ ಕರೆಂಟಿನ ಕುರ್ಚಿಯೊಂದನ್ನು ನನಗೆ ಕೊಟ್ಟರು. ಬಲಗೈಯ ಹತ್ತಿರ ಒಂದು ಸಣ್ಣ ಗುಬುಟು. ಅದನ್ನು ಯಾವ ಕಡೆ ಬಾಗಿಸಿದರೆ ಕುರ್ಚಿ ಆ ಕಡೆ ಹೋಗುತ್ತಿತ್ತು. ಅಣ್ಣನ ಬೆನ್ನು ನನಗೆ ಯಾವತ್ತೂ ಬೇಸರ ತಂದಿರಲಿಲ್ಲ. ಆದರೆ ಅವನು ಕೆಲಸದಿಂದ ಬಂದ ಮೇಲೆ ಮನೆಗೆ ಹೋಗುವುದು ಬೇರೆ, ನನಗೆ ಸಾಕೆನಿಸಿದಾಗ ಹೋಗುವುದು ಬೇರೆ. ಮೂವತ್ತೊಂದನೆಯ ವಯಸ್ಸಿಗೆ ಆ ವ್ಯತ್ಯಾಸ ನನಗೆ ತಿಳಿಯಿತು.

ಮಳೆಗಾಲ ಹಿಡಿದ ಮೇಲೆ ಕುರ್ಚಿ ಕೈಕೊಡತೊಡಗಿತು. ಚಾರ್ಜಿಗೆ ಹಾಕಿದ ಎರಡೇ ತಾಸಿಗೆ ಹಸಿರು ದೀಪ ಹತ್ತುತ್ತಿತ್ತು. ಸಪಾಟು ರಸ್ತೆಯಲ್ಲಿ ಏನೂ ತಕರಾರಿಲ್ಲ, ಏರು ಬಂದರೆ ನಿಂತುಬಿಡುತ್ತಿತ್ತು. ಒಂದು ಸಂಜೆ ರೈಲು ಗೇಟಿನ ನಟ್ಟನಡುವೆ, ಹಳಿಗಳ ಮೇಲೆಯೇ ನಿಂತಿತು. ಗೇಟಿನವನು ಓಡಿ ಬಂದು ತಳ್ಳಿದ. ರೈಲು ಬರಲು ಇನ್ನೂ ಹೊತ್ತಿತ್ತು ನಿಜ. ಆದರೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅವ್ವ ಉಣ್ಣಲಿಲ್ಲ. ಅಣ್ಣ ಇಷ್ಟೇ ಅಂದ: "ಬೆಳಗಾವ್ಯಾಗ ತೋರಿಸೂಣು. ಆತು ಅಂದ್ರ ಆತು. ಇಲ್ಲಂದ್ರ ಆ ಚರ್ಚಿನವರಿಗೆ ತಿರುಗಿ ಕೊಟ್ಟ ಬರೂಣು. ನನ್ನ ಬೆನ್ನ ಇನ್ನೂ ಗಟ್ಟಿ ಐತಿ." ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಇಪ್ಪತ್ತಾರು ಕಿಲೋಮೀಟರ್ ದಾರಿಗೆ ಒಂದೂಕಾಲು ತಾಸು ಹಿಡಿಯಿತು. ಜಾಂಬೋಟಿಯ ಕಡೆ ಮೋಡ ಕಪ್ಪಾಗಿ ಕುಳಿತಿತ್ತು. ನಮ್ಮ ಮೇಲೆ ಬರೀ ಜಿಟಿಜಿಟಿ. ಭತ್ತದ ಗದ್ದೆಗಳಲ್ಲಿ ಗೊಂಗಡಿ ಹೊದ್ದ ಹೆಂಗಸರು ಕಳೆ ಕೀಳುತ್ತಿದ್ದರು. ಮಚ್ಛೆಯಲ್ಲಿ ಇಮಾಮಸಾಬರು ಗಾಡಿ ನಿಲ್ಲಿಸಿ ಚಹಾ, ಒಗ್ಗರಣೆ ಅವಲಕ್ಕಿ ಕೊಡಿಸಿದರು. ಅಣ್ಣ ಕೆಳಗಿಳಿಯಲೇ ಇಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಕುರ್ಚಿಗೆ ಹೊದಿಸಿ ತಾನು ತೊಯ್ಯುತ್ತ ಕುಳಿತಿದ್ದ. ಕುರ್ಚಿಯನ್ನು ತಿರುಗಿ ಕೊಡುವ ಮಾತಾಡಿದವನು ಅದಕ್ಕೆ ಹನಿ ತಾಗದಂತೆ ಕಾಯುತ್ತಿದ್ದ. ನಾನು ಚಹಾದ ಗ್ಲಾಸನ್ನು ಕಿಟಕಿಯಿಂದ ಹಿಂದಕ್ಕೆ ಚಾಚಿದೆ.

ಮೊದಲು ಹೋದದ್ದು ಪೇಟೆಯ ಒಂದು ದೊಡ್ಡ ಬ್ಯಾಟರಿ ಅಂಗಡಿಗೆ. ಮಾಲಕ ಕುರ್ಚಿಯನ್ನು ಸುತ್ತು ಹಾಕಿ ನೋಡಿ, "ಎರಡೂ ಬ್ಯಾಟರಿ ಸತ್ತಾವ್ರಿ. ಮುಂಬೈದಿಂದ ತರಸಬೇಕು, ಎರಡ ತಿಂಗಳ ಹಿಡೀತೈತಿ. ಬಂದ್ರೂ ಇದಕ್ಕ ಹೊಂದತಾವಂತ ಹೇಳಾಕ ಬರಂಗಿಲ್ಲ" ಎಂದ. ಅವನು ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಅಣ್ಣ ನನ್ನ ಮುಖ ನೋಡಿದ. ನಾನು ಬೀದಿಯ ಕಡೆ ನೋಡಿದೆ. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದೆಂದು.

ಹಂಚು ಇಳಿಸಿ ಬಂದ ಇಮಾಮಸಾಬರು ಇದನ್ನು ಕೇಳಿ ಹೇಳಿದರು: "ಕ್ಯಾಂಪಿನ್ಯಾಗ ಒಬ್ಬಾಕಿ ಅದಾಳ. ಶೋಭಾತಾಯಿ ಅಂತ. ನಮ್ಮ ಗಾಡಿ ಬ್ಯಾಟರಿ ಆಕೀನ ನೋಡೂದು. ಚರ್ಚಿಗೆ ಹೋಗೂಕಿಂತ ಮೊದಲ ಆಕಿ ಕಡೆ ಹೋಗೂಣು."

ಶೋಭಾತಾಯಿಯ ಅಂಗಡಿ ಹಳೆಯ ಬಂಗಲೆಯೊಂದರ ಕಾಂಪೌಂಡಿಗೆ ಒರಗಿದ್ದ ತಗಡಿನ ಶೆಡ್ಡು. ವಯಸ್ಸು ಐವತ್ತರ ಮೇಲೆ. ಗಂಡ ತೀರಿದ ಮೇಲೆ ಅವನ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಸೀರೆಯ ಅಂಚಿನ ತುಂಬ ಆ್ಯಸಿಡ್ ತಿಂದ ಸಣ್ಣ ತೂತುಗಳು. ಅಣ್ಣನನ್ನು ಬಿಟ್ಟು ನೇರ ನನ್ನನ್ನೇ ಕೇಳಿದಳು: "ಯಾವಾಗ ನಿಲ್ತೈತಿ? ಸಪಾಟಿನ್ಯಾಗೋ ಏರಿನ್ಯಾಗೋ? ನಿಂತ ಮ್ಯಾಲ ಸ್ವಲ್ಪ ಹೊತ್ತ ಬಿಟ್ರ ಮತ್ತ ಹೊಕ್ಕೈತೇನು?" ಅಲ್ಲಿಯವರೆಗೆ ಯಾರೂ ಇದನ್ನು ನನ್ನನ್ನು ಕೇಳಿರಲಿಲ್ಲ. ಒಂಬತ್ತು ತಿಂಗಳಲ್ಲಿ ಕಂಡದ್ದನ್ನೆಲ್ಲ, ಪೇಟೆಯ ಅಂಗಡಿಯವನು ಅಂದದ್ದನ್ನೂ ಹೇಳಿದೆ. ಅವಳು ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

ಆಮೇಲೆ ಮೀಟರು ಹಚ್ಚಿದಳು. ಎರಡೂ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿದವು. "ಬ್ಯಾಟರಿ ಸುಮ್ಮನ ಕುಂತಾಗ ನೋಡಿದ್ರ ಏನೂ ತಿಳಿಯಂಗಿಲ್ಲ. ಭಾರ ಬಿದ್ದಾಗ ನೋಡಬೇಕು. ಕುಂದರ ಬಾ" ಎಂದಳು. ಅಣ್ಣ ನನ್ನನ್ನು ಕುರ್ಚಿಯಲ್ಲಿ ಕೂಡಿಸಿದ. ಮುಂದಿನ ಗಾಲಿಗಳನ್ನು ಕಲ್ಲಿನ ಕಟ್ಟೆಗೆ ಆನಿಸಿ, ಗುಬುಟನ್ನು ಸಾವಕಾಶ ಮುಂದೆ ಒತ್ತಲು ಹೇಳಿದಳು. ಮೋಟಾರು ನರಳಿತು. ಬಗ್ಗಿ ಒಂದೊಂದೇ ಬ್ಯಾಟರಿಯನ್ನು ಅಳೆದಳು. ಎರಡೂ ಹನ್ನೆರಡಕ್ಕಿಂತ ಕೆಳಗೆ ಇಳಿಯಲಿಲ್ಲ. "ಸತ್ತಾವ ಅಂದಾಂವ ಯಾಂವ? ಎರಡೂ ಖಣಖಣ ಅದಾವ."

ಇನ್ನು ಉಳಿದದ್ದು ಎರಡೂ ಬ್ಯಾಟರಿಗಳನ್ನು ಕೂಡಿಸುವ ಗೇಣುದ್ದದ ತಂತಿ. ಅದರ ಎರಡು ತುದಿಗೆ ಮೀಟರಿನ ಮುಳ್ಳು ಹಚ್ಚಿ ಮತ್ತೆ ಒತ್ತಲು ಹೇಳಿದಳು. ಅಲ್ಲಿ ಸೊನ್ನೆ ಬರಬೇಕಿತ್ತಂತೆ. ಮೂರು ಬಂತು. "ಕೈ ಹಚ್ಚಿ ನೋಡ್ರಿ" ಎಂದು ಅಣ್ಣನಿಗೆ ಹೇಳಿದಳು. ಅಣ್ಣ ಬಗ್ಗಿ ಮುಟ್ಟಿದವನು ಬೆರಳನ್ನು ಸಟ್ಟನೆ ಹಿಂದಕ್ಕೆಳೆದ. ಸುಡುತ್ತಿತ್ತು. ಸುತ್ತಿದ್ದ ಕಪ್ಪು ಟೇಪು ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ. ನಮ್ಮೂರಿನ ಮಳೆಯ ತೇವ ತಾಮ್ರವನ್ನು ತಿಂದುಬಿಟ್ಟಿತ್ತು. ಏರಿನಲ್ಲಿ ಮೋಟಾರು ಹೆಚ್ಚು ಕರೆಂಟು ಎಳೆದಾಗ ಅದರ ಒಂದಿಷ್ಟು ಜೀವ ಅಲ್ಲೇ ಹೋಗಿ ಕುರ್ಚಿ ನಿಲ್ಲುತ್ತಿತ್ತು. ಚಾರ್ಜರಿಗೂ ಅದೇ ಮೋಸ. ಬ್ಯಾಟರಿ ತುಂಬುವ ಮೊದಲೇ ತುಂಬಿತೆಂದು ಹಸಿರು ದೀಪ ಹಚ್ಚುತ್ತಿತ್ತು.

ಹೊಸ ತಂತಿ ಕತ್ತರಿಸಿ, ತುದಿಗಳನ್ನು ಬೆಸೆದು, ಮುಲಾಮು ಸವರಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಗೆ ಶೋಭಾತಾಯಿ ತನ್ನ ಡಬ್ಬಿಯ ಮಟಕಿ ಉಸಳಿ ಹಾಕಿದಳು. ನಾಲ್ವರೂ ಕಟ್ಟೆಯ ಹತ್ತಿರ ಕುಳಿತು ಉಂಡೆವು. ಉಣ್ಣುತ್ತಲೇ ಅವಳು ನನಗೆ ಪಾಠ ಹೇಳಿದಳು. "ನಿಂತ್ರ ಹೆದರಬ್ಯಾಡ. ಮೊದಲ ಗಾಲಿ ಹಂತ್ಯಾಕಿನ ಹಿಡಿಕಿ ನೋಡು, ಅದು ಮ್ಯಾಲಿದ್ರ ಮೋಟಾರು ಗಾಲಿ ಹಿಡಿಯಂಗಿಲ್ಲ. ಆಮ್ಯಾಲ ಪಿನ್ನು, ಆಮ್ಯಾಲ ಫ್ಯೂಜು. ಬ್ಯಾಟರಿ ಕಡೀಕ. ಮಂದಿ ಉಲ್ಟಾ ಮಾಡ್ತಾರ." ಏನು ಕೊಡಬೇಕೆಂದು ಅಣ್ಣ ಕೇಳಿದ್ದಕ್ಕೆ, "ತಂತೀದಷ್ಟ ಕೊಡ್ರಿ. ಕೈಕೆಲಸಕ್ಕ ಬದಲಿ, ಆಕಿ ಗಣಪತಿ ಹಬ್ಬಕ್ಕ ಫೋನ್ ಮಾಡಿ ಕುರ್ಚಿ ಹೆಂಗೈತಿ ಅಂತ ಹೇಳಲಿ" ಎಂದಳು.

ಮೂರು ಗಂಟೆಗೆ ಹೊರಟು ನಾಲ್ಕೂವರೆಗೆ ಖಾನಾಪುರ ಮುಟ್ಟಿದೆವು. ಇಮಾಮಸಾಬರು ನಮ್ಮನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸಿ ನಂದಗಡಕ್ಕೆ ಹೋದರು. ನಾನು ಕುರ್ಚಿಯಲ್ಲಿ ಕುಳಿತು ಗುಬುಟು ಒತ್ತಿದೆ. ಕುರ್ಚಿ ಅಲುಗಲಿಲ್ಲ. ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು.

"ಆತಿನ್ನ, ಹೊತ್ಕೋತೇನಿ ಬಾ" ಎಂದು ಅಣ್ಣ ಬೆನ್ನು ಕೊಟ್ಟು ಬಗ್ಗಿದ. ಅವನ ದನಿಯಲ್ಲಿ ನನಗಿಂತ ಹೆಚ್ಚು ದುಃಖವಿತ್ತು.

"ತಡಿ" ಎಂದೆ. "ಎಡಗಡೆ ಗಾಲಿ ಹಂತ್ಯಾಕ ಒಂದು ಹಿಡಿಕಿ ಐತಿ ನೋಡು. ಮ್ಯಾಲೈತೋ ಕೆಳಗೈತೋ?"

ಅಣ್ಣ ಬಗ್ಗಿ ನೋಡಿದ. "ಟೆಂಪೋಕ್ಕ ಏರಸೂ ಮುಂದ ಕೈಲೆ ತಳ್ಳಾಕಂತ ನಾನ ಎತ್ತಿದ್ನಿ" ಎಂದ ನಾಚಿಕೊಂಡು. ಎರಡೂ ಕಡೆಯ ಹಿಡಿಕೆ ಕೆಳಗೆ ಒತ್ತಿದ. ನಾನು ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ದೀಪ ಹಸಿರಾಯಿತು. ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಮಂದಿ ನಮ್ಮನ್ನೇ ನೋಡಿದರು.

ಗೇಟಿನವರೆಗೆ ಅಣ್ಣ ನನ್ನ ಹಿಂದೆಯೇ ಬಂದ. ಹಳಿಗಳನ್ನು ದಾಟುವಾಗ ಅವನ ಎರಡೂ ಕೈ ಕುರ್ಚಿಯ ಬೆನ್ನಿಗಿಂತ ಒಂದು ಗೇಣು ಹಿಂದಿದ್ದವು. ಮುಟ್ಟಲಿಲ್ಲ. ಗೇಟಿನ ಆಚೆಗೆ ನಮ್ಮ ಓಣಿಯ ಏರು. ನಾನು ಗುಬುಟನ್ನು ಪೂರ್ತಿ ಒತ್ತಿದೆ. ಕುರ್ಚಿ ಒಮ್ಮೆಯೂ ತಡೆಯದೆ ಏರತೊಡಗಿತು. ಅರ್ಧ ಏರುವಷ್ಟರಲ್ಲಿ ಹಿಂದಿನ ಹೆಜ್ಜೆಯ ಸಪ್ಪಳ ನಿಂತಿತು.

ಮೇಲೆ ಹೋಗಿ ಕುರ್ಚಿ ತಿರುಗಿಸಿ ನೋಡಿದೆ. ಅಣ್ಣ ಕೆಳಗೆ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕಾರ್ಖಾನೆಯ ಗೆಳೆಯನೊಬ್ಬ. ಅಣ್ಣ ಗೇಣುದ್ದ ಅಳತೆ ತೋರಿಸುತ್ತ, ಬೆರಳು ಸುಟ್ಟಂತೆ ಝಾಡಿಸುತ್ತ, ತಂತಿಯ ಕತೆ ಹೇಳುತ್ತಿದ್ದ. ಕತೆಯಲ್ಲಿ ಎಷ್ಟು ಮುಳುಗಿದ್ದನೆಂದರೆ ನನ್ನ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ. ನಾನು ಹುಟ್ಟಿದಾಗಿನಿಂದ, ಅವನ ಜೊತೆ ಹೊರಗೆ ಬಂದಾಗ ಅವನ ಕಣ್ಣು ನನ್ನ ಮೇಲಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ಕೂಗಬೇಕೆನಿಸಿತು; ಕೂಗಲಿಲ್ಲ. ಕತೆ ಮುಗಿಸಿಕೊಂಡು ಬರಲಿ ಎಂದು ಕುರ್ಚಿಯನ್ನು ಮನೆಯ ಕಡೆ ತಿರುಗಿಸಿದೆ.