ಕಪಾಟಿನಲ್ಲಿಲ್ಲದ ಪುಸ್ತಕದ ವಸೂಲಿ

ಕಾಲೇಜಿನ ಗ್ರಂಥಾಲಯದ ದಾಖಲೆಯಲ್ಲಿ ಅವನು ಅಟೆಂಡರ್. ಊರಿನ ಬಾಯಲ್ಲಿ ವಾಪಸಣ್ಣ. ಪುಸ್ತಕ ಒಯ್ದು ಮರೆತವರ, ಮರೆತಂತೆ ನಟಿಸುವವರ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ ಅದನ್ನು ವಾಪಸು ತರುವುದು ಅವನ ಮೂವತ್ತು ವರ್ಷದ ಕೆಲಸ. ಎಂದೂ ಜೋರು ಮಾಡಿದವನಲ್ಲ. ಬಾಗಿಲಲ್ಲಿ ನಿಂತು, "ಒಂದು ಲೋಟ ನೀರು ಕೊಡ್ತೀರಾ ತಾಯಿ?" ಅನ್ನುತ್ತಿದ್ದ. ಆ ಒಂದು ಲೋಟವನ್ನು ಕಾಲು ಗಂಟೆ ಕುಡಿಯುತ್ತಿದ್ದ. ಅಷ್ಟರಲ್ಲಿ ಒಳಗೆ ಮಗನ ಕಿವಿ ಕೆಂಪಾಗಿ, ಪುಸ್ತಕ ಹೊರಗೆ ಬರುತ್ತಿತ್ತು. ಒಮ್ಮೆ ರಸಾಯನಶಾಸ್ತ್ರದ ದಪ್ಪ ಪುಸ್ತಕವೊಂದು ಕುಂಟು ಮೇಜಿನ ಕಾಲಡಿ ಕಣ್ಣಿಗೆ ಬಿತ್ತು. ಮರುದಿನ ಅಷ್ಟೇ ದಪ್ಪದ ಮರದ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅದನ್ನು ಕೊಟ್ಟು ಇದನ್ನು ತಂದ. ಮೇಜಿಗೂ ಬೇಸರವಾಗಲಿಲ್ಲ.

ಈ ವರ್ಷ ಗ್ರಂಥಾಲಯ ಡಿಜಿಟಲ್ ಆಯಿತು. ಕಿಟಕಿಯ ಪಕ್ಕದ ಉದ್ದನೆಯ ಮೇಜು ಹೋಗಿ ಹತ್ತು ಕಂಪ್ಯೂಟರ್ ಬಂದವು. ಪುಸ್ತಕ ಮೊಬೈಲಿಗೇ ಬರುತ್ತದೆ, ಹದಿನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ತಾನಾಗಿ ಹಿಂದಕ್ಕೆ ಹೋಗುತ್ತದೆ ಎಂದು ಗ್ರಂಥಪಾಲಕಿ ವಿವರಿಸಿದಳು.

"ತಾನಾಗೇ? ಯಾರೂ ಹೋಗಿ ಕೇಳೋದು ಬೇಡ್ವಾ ಮೇಡಂ?"

"ಬೇಡ."

"ಪುಸ್ತಕಕ್ಕೆ ಇಷ್ಟೊಂದು ಒಳ್ಳೆ ಬುದ್ಧಿ ಬಂದ್ರೆ ನಮ್ಮಂಥೋರು ಬದುಕೋದು ಹೆಂಗೆ?" ಅಂದು ಅವನು ನಕ್ಕ. 

ಮನೆಯಲ್ಲಿ ಅವನು, ಅಕ್ಕ ಇಬ್ಬರೇ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಸೂಜಿಗಳಿದ್ದರೂ ಮಾತಿಗೆ ಅಡ್ಡಿಯಿಲ್ಲ. ಓದುವ ಕಾಲದಲ್ಲಿ ಅವಳ ಡಿಗ್ರಿ ಸಂಖ್ಯಾಶಾಸ್ತ್ರದ ಒಂದೇ ಒಂದು ಪರೀಕ್ಷೆಗೆ ನಿಂತುಹೋಗಿತ್ತು. ಮೂವತ್ತೊಂದು ವರ್ಷದ ನಂತರ ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳಿಗೆ ಕೊನೆಯ ಅವಕಾಶ, ಈಗಿನ ವಿದ್ಯಾರ್ಥಿಗಳ ಜೊತೆಗೇ ಹೊಸ ಪಠ್ಯದ ಪರೀಕ್ಷೆ ಎಂದು ಪ್ರಕಟಿಸಿತು. ಈ ಸಲ ತಪ್ಪಿದರೆ ಮುಗಿಯಿತು. ಅಕ್ಕ ಯಾರನ್ನೂ ಕೇಳದೆ ಅರ್ಜಿ ಹಾಕಿದಳು.

"ಈ ವಯಸ್ಸಲ್ಲಿ ಪಾಸಾಗಿ ಯಾರಿಗೆ ತೋರಿಸ್ತೀಯಕ್ಕ?"

"ನಿನಗೇ ಕಣೋ. ದಿನಾ ಊಟಕ್ಕೆ ಮುಂಚೆ ಒಂದ್ಸಲ ತೋರಿಸ್ತೀನಿ."

"ಪುಸ್ತಕ ಬೇಡ್ವಾ?"

"ನನ್ನ ಹತ್ರ ಇದೆ. ನೀನು ನಿನ್ನ ಕೆಲಸ ನೋಡು."

ಪರೀಕ್ಷೆಗೆ ಹನ್ನೆರಡು ದಿನ ಉಳಿದಿರುವಾಗ ವಿದ್ಯಾರ್ಥಿಗಳ ದೊಡ್ಡ ಗುಂಪೊಂದು ಗ್ರಂಥಪಾಲಕಿಯ ಮೇಜನ್ನು ಮುತ್ತಿತು. ಹೊಸ ಪಠ್ಯಕ್ರಮದ ಸಂಖ್ಯಾಶಾಸ್ತ್ರದ ಪುಸ್ತಕ ಇದ್ದದ್ದು ಡಿಜಿಟಲ್ ಗ್ರಂಥಾಲಯದಲ್ಲಿ ಮಾತ್ರ. ಪ್ರಕಾಶಕರು ಕೊಟ್ಟ ಅನುಮತಿ ಒಂದು ಸಲಕ್ಕೆ ಒಬ್ಬ ಓದುಗನಿಗೆ. ಸರತಿ ಇಲ್ಲ, ಪುಸ್ತಕ ಹಿಂದಕ್ಕೆ ಬಂದಾಗ ಮೊದಲು ಒತ್ತಿದವರಿಗೆ ಅದು ಸಿಗುತ್ತದೆ. ಆರಕ್ಕೆ ಬಂದದ್ದನ್ನು ಆರು ಗಂಟೆ ಒಂದು ನಿಮಿಷಕ್ಕೆ ಅದೇ ಸದಸ್ಯ ಮತ್ತೆ ಎತ್ತಿಕೊಳ್ಳುತ್ತಿದ್ದ. ಮೂರು ಸಲ ಹಾಗಾಗಿತ್ತು. ಇನ್ನು ಅದು ಬಿಡುಗಡೆಯಾಗುವುದು ಪರೀಕ್ಷೆಯ ದಿನ ಬೆಳಿಗ್ಗೆ.

"ಕಂಪ್ಯೂಟರಿನ ಪುಸ್ತಕವನ್ನೂ ಒಬ್ಬನೇ ಬಗಲಲ್ಲಿಟ್ಟುಕೊಂಡು ಕೂರಬಹುದಾ?" ವಾಪಸಣ್ಣನ ಕಣ್ಣು ಹೊಳೆಯಿತು. "ನಂಬರ್ ಹೇಳಿ ಮೇಡಂ. ಮನೆ ನಾನು ಹೇಳ್ತೀನಿ. ಈ ಕಾಲೇಜಿನ ಅಷ್ಟೂ ನಂಬರು ನನ್ನ ನಾಲಿಗೆ ಮೇಲಿವೆ."

ಗ್ರಂಥಪಾಲಕಿ ಪರದೆ ನೋಡಿದಳು. ಅವನ ಮುಖ ನೋಡಿದಳು. ಚೀಟಿಯಲ್ಲಿ ನಂಬರ್ ಬರೆದು ಕೊಟ್ಟು, "ಸಂಜೆಯೊಳಗೆ ತಂದುಬಿಡಿ," ಅಂದಳು. ತುಟಿಯ ಕೊನೆಯಲ್ಲಿ ಏನೋ ಇತ್ತು. ಅದನ್ನು ಗಮನಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಒಂಬತ್ತರಿಂದ ಶುರುವಾಗುವ ನಂಬರು. ಅಂದರೆ ವಿದ್ಯಾರ್ಥಿಯಲ್ಲ, ಸಿಬ್ಬಂದಿ. ಸಿಬ್ಬಂದಿ ಪುಸ್ತಕ ಒಯ್ಯುವುದೇ ಅಪರೂಪ, ಆ ನಂಬರುಗಳು ಅವನ ನಾಲಿಗೆಗೆ ಹತ್ತಿರಲಿಲ್ಲ. ಅವನು ನೇರ ಅಧ್ಯಾಪಕರ ಕೋಣೆಗೆ ಹೋಗಿ, ಸಂಖ್ಯಾಶಾಸ್ತ್ರದ ಮೇಷ್ಟ್ರ ಎದುರು ನಿಂತು ನೀರು ಕೇಳಿದ. ಆ ನೀರಿನ ಅರ್ಥ ಮೇಷ್ಟ್ರಿಗೆ ಗೊತ್ತಿತ್ತು.

"ನಾನಲ್ಲಪ್ಪಾ! ಕೆಲಸ ಸಿಕ್ಕಿದ ಮೇಲೆ ಒಂದು ಪುಸ್ತಕ ಮುಟ್ಟಿದ್ರೆ ಕೇಳು."

ಅದು ನಂಬುವಂಥ ಮಾತೇ ಆಗಿತ್ತು. ಕಚೇರಿ, ಪ್ರಯೋಗಾಲಯ, ತೋಟದವನ ಕೊಠಡಿ ಎಲ್ಲ ಸುತ್ತಿ, ಏಳು ಲೋಟ ನೀರು ಕುಡಿದು, ಮೊದಲ ಸಲ ಬರಿಗೈಯಲ್ಲಿ ಮನೆಗೆ ಬಂದ.

ಅಕ್ಕ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಯಂತ್ರದ ಕುತ್ತಿಗೆಗೆ ಮೊಬೈಲ್ ಒರಗಿತ್ತು. ಪಕ್ಕದಲ್ಲಿ ಗಿರಾಕಿಗಳ ಅಳತೆಯ ಪುಸ್ತಕ, ಅದರ ಮೇಲೆ ಪೆನ್ಸಿಲ್.

"ಏನೋ, ಮುಖ ಒದ್ದೆ ಬಟ್ಟೆ ಥರ ಇದೆ?"

"ಯಾವನೋ ಕಳ್ಳ ಅಕ್ಕ. ಸಿಬ್ಬಂದಿಯವನೇ. ಒಂಬತ್ತು ಸೊನ್ನೆ ನಾಲ್ಕು ಒಂದು ಏಳು. ಇಡೀ ಕ್ಲಾಸಿನ ಪುಸ್ತಕ ನುಂಗಿ ಕೂತಿದಾನೆ."

ಯಂತ್ರ ನಿಂತಿತು. ಅಕ್ಕ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಅದು ನಿನ್ನ ನಂಬರೇ ಕಣೋ, ಪೆದ್ದ."

ವಿದ್ಯಾರ್ಥಿಗಳ ನಂಬರೆಲ್ಲ ಬಾಯಿಪಾಠವಾಗಿದ್ದವನಿಗೆ ತನ್ನದು ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಂದು ದಿನವಾದರೂ ಪುಸ್ತಕ ಒಯ್ದಿರಬೇಕಿತ್ತು. ಸಿಬ್ಬಂದಿಗೆಲ್ಲ ಕೊಟ್ಟ ನಂಬರು, ಪಾಸ್‌ವರ್ಡ್ ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅಂಗಿ ಒಗೆಯಲು ತೆಗೆದಾಗ ಅಕ್ಕನಿಗೆ ಸಿಕ್ಕಿತ್ತು.

ವಾಪಸಣ್ಣ ಕಕ್ಕಾಬಿಕ್ಕಿಯಾಗಿ ಸ್ಟೂಲಿನ ಮೇಲೆ ಕೂತ. ಬೇರೆ ಏನೂ ತೋಚದೆ, "ಒಂದು ಲೋಟ ನೀರು ಕೊಡು," ಅಂದ.

"ನನ್ನ ಹತ್ರಾನೇ ವಸೂಲಿಗೆ ಕೂತ್ಯಾ? ಕೊಡಲ್ಲ. ನೀರೂ ಇಲ್ಲ, ಪುಸ್ತಕಾನೂ ಇಲ್ಲ." ಅಕ್ಕನ ದನಿ ಏರಿತು. "ಆಗ ನಾನು ಯಾಕೆ ಫೇಲಾದೆ ಗೊತ್ತಾ? ದಡ್ಡಿ ಅಂತಲ್ಲ. ಲೈಬ್ರರೀಲಿ ಇದ್ದದ್ದು ಒಂದೇ ಪ್ರತಿ. ಯಾವಳೋ ಒಯ್ದೋಳು ಪರೀಕ್ಷೆ ಮುಗಿಯೋವರೆಗೂ ಕೊಡಲಿಲ್ಲ. ದಿನಾ ಹೋಗ್ತಿದ್ದೆ, ಖಾಲಿ ಕೈಲಿ ಬರ್ತಿದ್ದೆ. ಅವಳಿಗೆ ಶಾಪ ಹಾಕಿ ಹಾಕಿ..."

  ಅಕ್ಕ ಮೊಬೈಲ್ ಕೈಗೆ ತೆಗೆದುಕೊಂಡು, ಅದರಲ್ಲಿ ತೆರೆದಿದ್ದ ಪುಸ್ತಕ ನೋಡಿದಳು.

"ಎಷ್ಟು ಜನ ಇದಾರೆ?"

"ಮೂವತ್ತೊಂಬತ್ತು."

"ವಾಪಸು ಕೊಟ್ರೆ ನನಗೆ ಮತ್ತೆ ಸಿಗಲ್ಲ. ಇಷ್ಟು ದಿನ ಆ ಮಕ್ಕಳು ಮಲಗಿರೋ ಹೊತ್ತಲ್ಲಿ ಒತ್ತಿದೆ. ಎದ್ದು ಕೂತ್ರೆ ಅವರ ಬೆರಳಿನ ವೇಗ ನನಗೆಲ್ಲಿ?"

ಅದು ನಿಜವೇ. ಅವನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, "ಕೊಡೋದು ಹದಿನಾಲ್ಕು ದಿನಕ್ಕೇ ಅಂತ ಇದೆಯಾ? ಎರಡು ಗಂಟೆಗೇ ಕೊಡಬಾರದಾ?" ಅಂದ.

"ಗುಂಡಿ ಒತ್ತಿದರೆ ಯಾವಾಗ ಬೇಕಾದ್ರೂ ಹೋಗುತ್ತೆ."

"ಹಂಗಾದ್ರೆ ಒತ್ತಿಸೋಕೆ ನಾನಿದೀನಿ."

ಮರುದಿನ ಅವನು ರಟ್ಟಿನ ಮೇಲೆ ಗೆರೆ ಎಳೆದ. ಮೂವತ್ತೊಂಬತ್ತು ವಿದ್ಯಾರ್ಥಿಗಳು, ಒಬ್ಬಳು ಅಕ್ಕ. ಐದೈದು ಜನರ ಎಂಟು ಗುಂಪು. ಬೆಳಿಗ್ಗೆ ಆರರಿಂದ ಎರಡೆರಡು ಗಂಟೆಯ ಪಾಳಿ, ಗುಂಪಿಗೊಂದು ಮೊಬೈಲ್. ತನ್ನ ಪಾಳಿ ಬಿಟ್ಟು ಗುಂಡಿ ಒತ್ತುವುದಿಲ್ಲ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡ. ಫೋನ್ ಮಾಡಿ ನೆನಪಿಸಿದರಾಯಿತಲ್ಲ ಎಂದು ಗ್ರಂಥಪಾಲಕಿ ಕೇಳಿದ್ದಕ್ಕೆ, "ಫೋನಾದರೆ ಎತ್ತಲ್ಲ ಮೇಡಂ. ಬಾಗಿಲಿಗೆ ಬಂದವನನ್ನ ಏನು ಮಾಡ್ತಾರೆ?" ಅಂದ.

ಹನ್ನೊಂದು ದಿನ ಸೈಕಲ್ಲಿಗೆ ಬಿಡುವಿರಲಿಲ್ಲ. ಪಾಳಿ ಮುಗಿಯಲು ಐದು ನಿಮಿಷವಿರುವಾಗ ಕಿಟಕಿಯ ಕೆಳಗೆ ಬೆಲ್ಲು. "ಒಂದೇ ಲೆಕ್ಕ ಅಂಕಲ್, ಪ್ಲೀಸ್!" ಎಂದು ಮೇಲಿಂದ ಕೂಗು. "ಲೆಕ್ಕ ಆಮೇಲೆ. ಮೊದಲು ಗುಂಡಿ." ಕೊಂಕು ಮಾತಾಡಿದವರ ಮನೆಯೊಳಗೆ ಹೋಗಿ ನೀರು ಕೇಳಿದ. ಅಲ್ಲಿಗೆ ಎಲ್ಲ ಸರಿಹೋಯಿತು.

ಬೆಳಗಿನ ಪಾಳಿ ಅಕ್ಕನದು. ಹಾಸ್ಟೆಲಿನ ನಾಲ್ಕು ಹುಡುಗಿಯರು ಆಕಳಿಸುತ್ತ ಬಂದು ಬಟ್ಟೆಯ ಗಂಟುಗಳ ನಡುವೆ ಕೂರುತ್ತಿದ್ದರು. ವಿಚಲನೆ ಎಂದರೇನೆಂದು ಅವರಿಗೆ ತಲೆಗೆ ಹತ್ತದಿದ್ದಾಗ ಅಕ್ಕ ಅಳತೆಯ ಪುಸ್ತಕ ಬಿಚ್ಚಿದಳು.

"ಇಲ್ಲಿ ನೋಡ್ರೇ. ಮೂವತ್ತು ಜನರ ಸೊಂಟ. ಇದು ಸರಾಸರಿ. ಈ ಅಳತೆಗೆ ಮೂವತ್ತು ಲಂಗ ಹೊಲಿದ್ರೆ ಎಷ್ಟು ಜನ ಬಂದು ನನ್ನ ಜುಟ್ಟು ಹಿಡೀತಾರೆ? ಅದೇ ವಿಚಲನೆ."

ಹುಡುಗಿಯರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಆದರೆ ಸೂತ್ರಗಳ ಹತ್ತಿರ ಬಂದಾಗ ಅಕ್ಕನೇ ತಡವರಿಸುವಳು. ಆಗ ಅವರು ಅವಳ ಕೈ ಹಿಡಿದು ನಡೆಸಿದರು. ಆ ಗೆರೆ ಎಳೆದ ರಟ್ಟನ್ನೇ ಲಗತ್ತಿಸಿ ಗ್ರಂಥಪಾಲಕಿ ಮುಂದಿನ ವರ್ಷಕ್ಕೆ ಹತ್ತು ಓದುಗರ ಅನುಮತಿ ಬೇಕೆಂದು ಮೇಲಕ್ಕೆ ಬರೆದಳು.

ಫಲಿತಾಂಶ ಬಂತು. ಅಕ್ಕನಿಗೆ ಐವತ್ತೆರಡು. ನಾಲ್ಕು ಹುಡುಗಿಯರೂ ಅವಳಿಗಿಂತ ಮುಂದೆ. ಅದನ್ನು ಅವಳು ಊರೆಲ್ಲ ಹೇಳಿಕೊಂಡು ಬಂದಳು, ತನ್ನ ಅಂಕವನ್ನು ಮಾತ್ರ ತಮ್ಮನಿಗೆ ಊಟಕ್ಕೆ ಮುಂಚೆ ಹೇಳುತ್ತಿದ್ದಳು.

ಡಿಗ್ರಿಯ ಅರ್ಜಿಗೆ ಗ್ರಂಥಾಲಯದಿಂದ ಪುಸ್ತಕ ಬಾಕಿಯಿಲ್ಲ ಎಂಬ ಮುದ್ರೆ ಬೇಕಿತ್ತು. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಕೌಂಟರಿಗೆ ಬಂದಳು. ಹಳೆಯ ವಿದ್ಯಾರ್ಥಿನಿಯೆಂದು ಈಗ ಅವಳಿಗೆ ಅವಳದೇ ನಂಬರಿತ್ತು. ವಾಪಸಣ್ಣ ಪರದೆಯಲ್ಲಿ ಅದನ್ನು ಒತ್ತಿ ನೋಡಿ ಮುದ್ರೆಯನ್ನು ಕೆಳಗಿಟ್ಟ.

"ಸಂಖ್ಯಾಶಾಸ್ತ್ರ, ಎರಡನೇ ಭಾಗ. ನಿನ್ನೆ ಒಯ್ದಿದೀಯ. ಪರೀಕ್ಷೆ ಮುಗೀತಲ್ಲಕ್ಕ, ಇದ್ಯಾಕೆ?"

"ಮೊದಲನೇ ಭಾಗ ಅರ್ಧ ಮಾತಲ್ಲಿ ನಿಲ್ಲಿಸಿಬಿಟ್ಟಿದೆ ಕಣೋ. ಮುಂದೇನಾಗುತ್ತೆ ನೋಡ್ಬೇಡ್ವಾ?"

"ವಾಪಸು ಕೊಟ್ರೆ ಮುದ್ರೆ. ಇಲ್ಲಾಂದ್ರೆ ಇಲ್ಲ."

"ಇನ್ನೂ ಹದಿಮೂರು ದಿನ ಇದೆ," ಅಂದಳು ಅಕ್ಕ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು, ಕಿಟಕಿ ಪಕ್ಕದ ಕುರ್ಚಿ ಎಳೆದು ಕೂತು, ಮೊಬೈಲ್ ತೆರೆದು ಕನ್ನಡಕ ಏರಿಸಿದಳು.