ಅರಿಶಿನದ ದಿನದ ಫೋಟೋಗಳು

ಮಸ್ಕಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಗಂಡ ಅಂಗಡಿ ನೋಡಿಕೊಂಡರೆ, ಹೆಂಗಸರ ಕಾರ್ಯಗಳಿಗೆ ಕ್ಯಾಮೆರಾ ಹಿಡಿದು ನಾನು ಹೋಗುತ್ತೇನೆ. ಮುಸ್ಲಿಮರ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ದಿನ ಗಂಡಸರು ಒಳಗೆ ಬರುವಂತಿಲ್ಲ. ಹೆಂಗಸರು ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಹಾಡಿ ಕುಣಿಯುತ್ತಾರೆ. ಆ ಕೋಣೆಗೆ ಬರುವ ಒಂದೇ ಕ್ಯಾಮೆರಾ ನನ್ನದು ಎಂಬ ಜಂಬ ನನಗೆ ಬಹಳ ಇತ್ತು.

ಸಿಂಧನೂರಿನ ಒಂದು ಮನೆಯ ಹಿರಿಮಗಳ ಮದುವೆಗೆ ಹೀಗೆಯೇ ಹೋಗಿದ್ದೆ. ಅವಳ ತಾಯಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತೇನೆ. ಈ ಫೋಟೋಗಳು ಗಂಡಸರ ಕಣ್ಣಿಗೆ ಬೀಳಬಾರದು ಎಂದು ಖಾಲಾ ಒಮ್ಮೆ ಮಾತ್ರ ಹೇಳಿದ್ದರು. ನಾನು ಬಂದವಳೇ ಎಲ್ಲವನ್ನೂ ಇದ್ದ ಹಾಗೆಯೇ ಇಂಟರ್‌ನೆಟ್ಟಿನ ಉಗ್ರಾಣವಾದ ಕ್ಲೌಡಿಗೆ ಏರಿಸಿದೆ. ಹಿಂದೊಮ್ಮೆ ಹಾರ್ಡ್ ಡಿಸ್ಕ್ ಕೆಟ್ಟು ಯಾರದೋ ಸೀಮಂತವೆಲ್ಲ ಹೋಗಿತ್ತಲ್ಲ, ಇದು ದೊಡ್ಡ ಜಾಣತನ ಎಂದುಕೊಂಡಿದ್ದೆ. ಅಂಗಡಿಯ ಟೀವಿಗೂ ಅದೇ ಕ್ಲೌಡ್ ಖಾತೆ ಜೋಡಿಸಿದ್ದೇವೆ, ಹೊಸ ಫೋಟೋಗಳು ತಾವಾಗಿಯೇ ಅದರಲ್ಲಿ ಬರುತ್ತವೆ ಎಂಬುದು ತಲೆಗೇ ಹೊಳೆಯಲಿಲ್ಲ.

ಹುಡುಗಿಯನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಅವಳ ಗಂಡನ ಅಣ್ಣ ಸಿಂಧನೂರಿಗೆ ಹೊರಟವನು ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು, ಪಾಸ್‌ಪೋರ್ಟ್ ಸೈಜಿನ ಫೋಟೋಗೆ ನಮ್ಮ ಅಂಗಡಿಗೇ ಬಂದ. ಗೋಡೆಯ ಟೀವಿಯಲ್ಲಿ ತಮ್ಮನ ಹೆಂಡತಿ! ತಲೆಯ ಮೇಲೆ ದುಪಟ್ಟಾ ಇಲ್ಲ, ಕೆನ್ನೆ ತುಂಬ ಅರಿಶಿನ, ಬಾಯಿ ತುಂಬ ನಗು. ಸುತ್ತ ನಾಲ್ಕಾರು ಗಿರಾಕಿಗಳು. ಆತ ಫೋಟೋ ತೆಗೆಸಿಕೊಳ್ಳದೆ ಹೊರಟುಹೋದ. ತಪ್ಪು ನನ್ನದು, ಬೈಗಳು ಅವಳಿಗೆ. ಅತ್ತೆಮನೆಯಲ್ಲಿ ಅವಳು ಏನೇನು ಕೇಳಿಸಿಕೊಂಡಳೋ, ವಿಚಾರಿಸಲು ನನಗೆ ಮುಖವಿರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಮೇಲೆ ಕಲಿತೆ. ಈಗ ಫೋಟೋಗಳನ್ನು ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಬಿಚ್ಚಲಾಗದಂತೆ ಗಂಟು ಕಟ್ಟಿ, ಆಮೇಲೆಯೇ ಕ್ಲೌಡಿಗೆ ಕಳಿಸುತ್ತೇನೆ. ಕ್ಲೌಡ್ ನಡೆಸುವ ಕಂಪನಿಯವರಿಗೂ ಒಳಗೇನಿದೆ ಕಾಣದು. ಪಾಸ್‌ವರ್ಡ್ ಗಂಡನಿಗೂ ಹೇಳಿಲ್ಲ. ನಿಧಿ ಕಾಯುವ ಹಾವು ಎಂದು ಅವರು ಚೇಷ್ಟೆ ಮಾಡುತ್ತಾರೆ.

ಮೊನ್ನೆ ಖಾಲಾ ಕಿರಿಮಗಳ ಅರಿಶಿನಕ್ಕೆ ಕರೆದರು. ಕ್ಷಮಿಸಿಬಿಟ್ಟಿದ್ದಾರೆ ಎಂದು ಹಿಗ್ಗಿ, ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಹೊಸ್ತಿಲಲ್ಲೇ ನಿಂತು ಈ ಪಾಸ್‌ವರ್ಡ್ ಬೀಗದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಖಾಲಾ ಕೊನೆಯವರೆಗೂ ಕೇಳಿಸಿಕೊಂಡರು.

"ನಿನ್ನ ಮ್ಯಾಲ ಸಿಟ್ಟಿಲ್ಲ ಬೇಟಿ," ಅಂದರು. "ಆದ್ರ ಕ್ಯಾಮೆರಾ ಒಳಗ ಬ್ಯಾಡ. ನೀ ಬಾ, ಉಂಡು ಹೋಗು."

ಚೀಲ ಹೊರಗಿನ ಕೋಣೆಯಲ್ಲಿಟ್ಟು ಹೋದೆ. ಒಳಗೆ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಎಲ್ಲರದನ್ನೂ ಬಾಗಿಲಲ್ಲೇ ತೆಗೆದಿರಿಸಿದ್ದರು. ಮದುಮಗಳು ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ನನ್ನ ಕೆನ್ನೆಗೂ ಅರಿಶಿನ ಹಚ್ಚಿ ನಕ್ಕಳು. ಆಮೇಲೆ ತಾಯಿಗೆ ಕೇಳಿಸದಂತೆ ಅಂದಳು:

"ಅಕ್ಕನ ಫೋಟೋ ನೋಡಿದಾಗಿಂದ ನಾನೂ ನಿಮ್ ಕೈಲೇ ತೆಗಿಸ್ಕೋಬೇಕು ಅಂದ್ಕೊಂಡಿದ್ನಿರೀ."

ಅವಳ ನಗು ಅಕ್ಕನ ನಗುವಿಗಿಂತ ಚೆಂದ. ಬೀಗ ಹಾಕಿಡಲು ನನ್ನ ಬಳಿ ಅದರ ಒಂದು ಫೋಟೋವೂ ಇಲ್ಲ.